ದುಧನಿಯ ರೊಟ್ಟಿಯೂ ನಮ್ಮ ಮೈತೂಕವೂ

ನಮ್ಮ ಜಿಲ್ಲೆಯ ಓದುಗರಲ್ಲಿ ದುಧನಿ ಎಂಬ ಊರಿನ ಹೆಸರು ಕೇಳಿದವರು ಹೆಚ್ಚು ಮಂದಿ ಇರಲಾರರು. ಸೊಲ್ಲಾಪುರದಿಂದ ಕಲಬುರಗಿಗೆ ಹೋಗುವ ರೈಲು ಹಾದಿಯಲ್ಲಿ, ಅಕ್ಕಲಕೋಟ ರೋಡ್ ಮತ್ತು ಗಾಣಗಾಪುರ ರೋಡ್ ನಿಲ್ದಾಣಗಳ ನಡುವೆ ಇರುವ ಪುಟ್ಟ ಪಟ್ಟಣವದು. ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿಗೆ ಸೇರಿದ್ದು. ಊರಾಚೆ ಸ್ವಲ್ಪ ದೂರ ಹೋದರೆ ಕರ್ನಾಟಕ. ಕಚೇರಿಯ ಫಲಕ ಮರಾಠಿಯಲ್ಲಿ, ಅಂಗಡಿ ಕಟ್ಟೆಯ ಹರಟೆ ಕನ್ನಡದಲ್ಲಿ. ಬಸ್ಸಿನ ಹೆಸರನ್ನು ಮಲಯಾಳದಲ್ಲಿ ಓದಿ ಮನೆಯಲ್ಲಿ ಕನ್ನಡ ಆಡುವ ನಮ್ಮಂಥವರಿಗೆ ಆ ಊರು ಅಷ್ಟೇನೂ ಅಪರಿಚಿತವೆನಿಸದು.

ಟಿ.ಸಿ.ಎಚ್. ತರಬೇತಿಯಲ್ಲಿ ಜತೆಗಿದ್ದ ಸ್ನೇಹಿತರೊಬ್ಬರು ಆ ಕಡೆಯವರಾದ್ದರಿಂದ, ರಜೆಯಲ್ಲಿ ಎರಡು ಮೂರು ಬಾರಿ ಅಲ್ಲಿ ಕೆಲವು ದಿನ ಉಳಿದು ಬರುವ ಅವಕಾಶ ನನಗೆ ಒದಗಿದೆ. ಭಾಷೆ ಒಂದೇ ಆದರೂ ತಟ್ಟೆ ಬೇರೆ. ಈ ತಟ್ಟೆಯ ವ್ಯತ್ಯಾಸದಲ್ಲಿ ನಮ್ಮ ಮೈತೂಕದ ಪ್ರಶ್ನೆಗೆ ಸಂಬಂಧಿಸಿದ ಒಂದು ಪಾಠ ಅಡಗಿದೆಯೆಂದು ತೋರಿದ್ದರಿಂದ ಈ ಲೇಖನ.

ಅಲ್ಲಿಯ ಊಟದ ನಡುಗಂಬ ಜೋಳದ ರೊಟ್ಟಿ. ಹಿಂಗಾರಿನ ಬಿಳಿಜೋಳ, ಅದರಲ್ಲೂ ಮಾಲದಂಡಿ ಜೋಳವೆಂದರೆ ಆ ಜನಕ್ಕೆ ಅಭಿಮಾನ. ಸೊಲ್ಲಾಪುರ ಜಿಲ್ಲೆಯದೇ ಆದ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದ ಎಂ 35-1 ತಳಿ ಇಂದಿಗೂ ಹೊಲದಲ್ಲಿದೆ. ಪಕ್ಕದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬಿಸಿನೀರು ಹಾಕಿ ನಾದಿದ ಹಿಟ್ಟನ್ನು ಉಂಡೆ ಮಾಡಿ, ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಕೊನೆಗೆ ಕೆಂಡದ ಮೇಲೆ ಉಬ್ಬಿಸಿ ತೆಗೆಯುವುದನ್ನು ನೋಡುವುದೇ ಒಂದು ಸೊಗಸು. ಬೆಳಗಿನ ಹೊತ್ತು ಆ ಬೀದಿಗಳಲ್ಲಿ ನಡೆದರೆ ಮನೆಮನೆಯಿಂದಲೂ ರೊಟ್ಟಿ ತಟ್ಟುವ ಸದ್ದು ಬರುತ್ತದೆ. ನಮ್ಮ ಕಡೆ ಅರೆಯುವ ಕಲ್ಲಿನ ಸದ್ದು ಬರುತ್ತಿದ್ದ ಹಾಗೆ. ಜತೆಗೆ ಪುಂಡಿಪಲ್ಯ, ಝುಣಕ, ಎಣ್ಣೆಗಾಯಿ, ತೊಗರಿಬೇಳೆಯ ಕಟ್ಟು, ಹಸಿ ಈರುಳ್ಳಿ, ಮೊಸರು. ಎಲ್ಲಕ್ಕಿಂತ ಮೇಲಾಗಿ ಶೇಂಗಾ ಚಟ್ನಿ, ಅದರ ಮೇಲೆ ಒಂದು ಚಮಚ ಎಣ್ಣೆ. ಅನ್ನ ಬರುವುದು ಕೊನೆಗೆ, ಶಾಸ್ತ್ರಕ್ಕೆಂಬಂತೆ.

ರೊಟ್ಟಿಯ ವಿಶೇಷವೇನೆಂದರೆ ಅದನ್ನು ಎಣಿಸಬಹುದು. ಮಾವನಿಗೆ ನಾಲ್ಕು, ಹೊಲಕ್ಕೆ ಹೋಗುವ ಮಗನಿಗೆ ಐದು, ಶಾಲೆಯ ಹುಡುಗನಿಗೆ ಎರಡು ಎಂಬ ಲೆಕ್ಕ ಒಲೆಯ ಮುಂದೆ ಕುಳಿತ ಹೆಂಗಸಿನ ಕೈಗೇ ಗೊತ್ತಿರುತ್ತದೆ. ಆ ಲೆಕ್ಕಕ್ಕೆ ತಕ್ಕಷ್ಟೇ ಹಿಟ್ಟು ಅವಳು ನಾದುತ್ತಾಳೆ. ಆದರೆ ಉಣ್ಣುವವನ ಎದುರು ಬಾಯಿಬಿಟ್ಟು ಎಣಿಸುವುದು ಮಾತ್ರ ದೊಡ್ಡ ಅಮರ್ಯಾದೆ. ‘ರೊಟ್ಟಿ ಎಣಿಸುವ ಮನೆ’ ಎಂದರೆ ಜಿಪುಣರ ಮನೆ. ಅಂತೂ ಎಣಿಕೆ ಇದೆ, ಎಣಿಸುವಂತಿಲ್ಲ. ಈ ವಿಚಿತ್ರದಲ್ಲಿ ಬಹಳಷ್ಟು ಸಂಗತಿ ಅಡಗಿದೆ.

ಕೈಯಲ್ಲಿ ತಟ್ಟಿದ ಸಾಧಾರಣ ರೊಟ್ಟಿಯೊಂದಕ್ಕೆ 55 ಗ್ರಾಂ ಹಿಟ್ಟು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ನೂರು ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲರಿ ಶಕ್ತಿಯಿದೆಯೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕ ಹೇಳುತ್ತದೆ. ಅಂದರೆ ರೊಟ್ಟಿಗೆ 180ಕ್ಕೆ ಸ್ವಲ್ಪ ಮೇಲೆ. ಇನ್ನು ಮನುಷ್ಯನಿಗೆ ದಿನಕ್ಕೆ ಬೇಕಾದದ್ದೆಷ್ಟು? ಅದೇ ಸಂಸ್ಥೆಯ 2020ರ ಲೆಕ್ಕದಂತೆ 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ 2110 ಕ್ಯಾಲರಿ, ಮೈಮುರಿದು ದುಡಿಯುವವನಾದರೆ 3470. ಇವೆರಡರ ಅಂತರ 1360. ರೊಟ್ಟಿಯ ಲೆಕ್ಕಕ್ಕೆ ಇಳಿಸಿದರೆ ಏಳು ರೊಟ್ಟಿ! ಹೆಂಗಸರಲ್ಲೂ ಈ ಅಂತರ 1060, ಸುಮಾರು ಆರು ರೊಟ್ಟಿ.

ಒಂದು ಕಾಲದಲ್ಲಿ ಆ ಏಳು ರೊಟ್ಟಿ ಸುಮ್ಮನೆ ಕರಗಿಹೋಗುತ್ತಿತ್ತು. ಎತ್ತಿನ ಹಿಂದೆ ನೇಗಿಲು ಹಿಡಿದು ಕರಿಮಣ್ಣಿನಲ್ಲಿ ದಿನವಿಡೀ ನಡೆಯುವವನಿಗೆ, ಫಾಲ್ಗುಣದ ಬಿಸಿಲಲ್ಲಿ ಬಾಗಿ ಜೋಳ ಕೊಯ್ಯುವವಳಿಗೆ, ಬಾವಿಯಿಂದ ನೀರು ಸೇದುವವಳಿಗೆ ಅದು ಹೆಚ್ಚೆಂದು ಯಾರೂ ಹೇಳುವಂತಿರಲಿಲ್ಲ. ಕಡಿಮೆಯಾದ ದಿನಗಳೇ ಹೆಚ್ಚು. 1972ರ ಬರಗಾಲದಲ್ಲಿ ಸೊಲ್ಲಾಪುರ ಜಿಲ್ಲೆ ಬೆಂದುಹೋಗಿತ್ತು. ಅಮೆರಿಕದಿಂದ ಬಂದ ಮಿಲೋ ಎಂಬ ಕೆಂಪು ಜೋಳ, ಕಾಮಗಾರಿಯ ಸ್ಥಳದಲ್ಲಿ ಹಂಚುತ್ತಿದ್ದ ಸುಕಡಿ ಎಂಬ ಪುಡಿ ಆಹಾರ, ಇವುಗಳ ಮಾತು ಇಂದಿಗೂ ಹಿರಿಯರ ಬಾಯಲ್ಲಿ ಬರುತ್ತದೆ. ಅಂಥ ಹಸಿವನ್ನು ಕಂಡ ಪೀಳಿಗೆಗೆ ದಪ್ಪ ಮೈ ಎಂದರೆ ದೇವರು ಕೊಟ್ಟ ಭಾಗ್ಯ. ‘ಮೈ ತುಂಬಿಕೊಂಡಾನ’ ಎಂದರೆ ಹೊಗಳಿಕೆ, ‘ಸೊರಗ್ಯಾನ’ ಎಂದರೆ ಕನಿಕರ. ಮೊಮ್ಮಗನ ತಟ್ಟೆಗೆ ಅಜ್ಜಿ ಇನ್ನೊಂದು ರೊಟ್ಟಿ ಹಾಕುವಾಗ ಅವಳ ಕೈಯಲ್ಲಿ ಆ ಬರಗಾಲದ ನೆನಪೂ ಇರುತ್ತದೆ. ಅವಳನ್ನು ದೂರುವುದು ನ್ಯಾಯವಲ್ಲ.

ಆದರೆ ಕಾಲ ಬದಲಾಗಿದೆ. ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ, ತೊಗರಿ ರಾಶಿ ಮಾಡಲು ಯಂತ್ರ ಬಂದಿದೆ, ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರು ಸೈಕಲ್ ಏರಿದ್ದಾರೆ. ದುಧನಿಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ತೊಗರಿಯ ಚೀಲ ಬಂದಿಳಿಯುವ ಕಾಲದಲ್ಲಿ ಹಮಾಲರ ಬೆನ್ನು ಇಂದಿಗೂ ಬಾಗುತ್ತದೆ ನಿಜ. ಅವರಿಗೆ ಹಳೆಯ ಲೆಕ್ಕವೇ ಸಲ್ಲುತ್ತದೆ. ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವ ದಲಾಲರಿಗೆ, ಅಂಗಡಿಯವರಿಗೆ, ನಮ್ಮಂಥ ಮಾಸ್ತರರಿಗೆ ಅದು ಸಲ್ಲದು. ದುಡಿಮೆಯ ಜತೆಗೆ ಏಳು ರೊಟ್ಟಿಯೂ ತಟ್ಟೆ ಬಿಟ್ಟು ಇಳಿಯಬೇಕಿತ್ತು. ಇಳಿದದ್ದು ಒಂದೋ ಎರಡೋ.

ಇಳಿದ ಜಾಗಕ್ಕೆ ಬೇರೆಯವು ಬಂದು ಕೂತವು. ಚಹಾ ಅವುಗಳಲ್ಲಿ ಮೊದಲನೆಯದು. ಕಪ್ಪು ಚಿಕ್ಕದು, ಒಂದೇ ಗುಟುಕು ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಹತ್ತು ಗ್ರಾಂ ಸಕ್ಕರೆಗೆ 40 ಕ್ಯಾಲರಿ. ಸ್ನೇಹಿತರು, ಗಿರಾಕಿಗಳು, ಬೀಗರು ಎಂದು ದಿನಕ್ಕೆ ಐದು ಸಲ ಕುಡಿದರೆ ಸಕ್ಕರೆಯೊಂದೇ ಒಂದು ರೊಟ್ಟಿಯನ್ನು ಮೀರುತ್ತದೆ, ಹಾಲಿನದು ಬೇರೆ. ಸಂಜೆ ಮಿರ್ಚಿ ಭಜಿ. ರೈಲು ನಿಲ್ದಾಣದ ಬಳಿ ಒಂದು ವಡಾಪಾವ್ ತಿಂದರೆ ಸುಮಾರು 300. ಶೇಂಗಾ ಚಟ್ನಿಯನ್ನೂ ಬಿಡುವಂತಿಲ್ಲ. 25 ಗ್ರಾಂ ಶೇಂಗಾಕ್ಕೆ 130, ಮೇಲಿನ ಒಂದು ಚಮಚ ಎಣ್ಣೆಗೆ 45, ಒಟ್ಟು ಇನ್ನೊಂದು ರೊಟ್ಟಿ. ಶೇಂಗಾ ಒಳ್ಳೆಯ ಆಹಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇವು ಯಾವುವೂ ರೊಟ್ಟಿಯ ಎಣಿಕೆಯೊಳಗೆ ಬರುವುದಿಲ್ಲ. ‘ನಾನು ಮೂರೇ ರೊಟ್ಟಿ ಉಣ್ಣುವವ’ ಎಂದು ಹೇಳುವವರ ಹೊಟ್ಟೆ ಏಕೆ ಮುಂದೆ ಬಂದಿದೆಯೆಂಬುದಕ್ಕೆ ಇಷ್ಟು ವಿವರಣೆ ಸಾಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಜೋಳ ತಿಂದರೆ ಬೊಜ್ಜು ಕರಗುತ್ತದೆಂಬ ಮಾತು ಎಲ್ಲೆಡೆ ಹಬ್ಬಿದೆ. ನಮ್ಮ ಪೇಟೆಗಳಲ್ಲೂ ಪೊಟ್ಟಣ ಕಟ್ಟಿದ ಜೋಳದ ಹಿಟ್ಟು ಮಾರಾಟಕ್ಕೆ ಬಂದಿದೆ. ಅದೇ ಕೋಷ್ಟಕದಂತೆ ಬಿಳಿ ಅಕ್ಕಿಯಲ್ಲಿ 356, ಜೋಳದಲ್ಲಿ 334. ತೂಕಕ್ಕೆ ತೂಕ ನೋಡಿದರೆ ದೊಡ್ಡ ಅಂತರವೇನಿಲ್ಲ. ನಾರಿನಂಶ ಮಾತ್ರ ಜೋಳದಲ್ಲಿ ನೂರಕ್ಕೆ ಹತ್ತು ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ರೊಟ್ಟಿಯನ್ನು ಅಗಿಯಬೇಕು, ಅಗಿಯಲು ಹೊತ್ತು ಬೇಕು, ಅಷ್ಟರಲ್ಲಿ ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟುತ್ತದೆ. ಜೋಳದ ಉಪಕಾರ ಇಷ್ಟು. ಎಂಟು ರೊಟ್ಟಿ ತಿಂದವನನ್ನು ಅದು ಕಾಪಾಡಲಾರದು.

ಎಣಿಕೆಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ಸೊಲ್ಲಾಪುರದ ಕಡೆ ಹೆಂಗಸರ ಸ್ವಸಹಾಯ ಗುಂಪುಗಳು ಕಡಕ್ ರೊಟ್ಟಿ ಮಾಡಿ ಕಟ್ಟು ಕಟ್ಟಿ ಪುಣೆ ಮುಂಬಯಿಗಳಿಗೆ ಕಳಿಸುತ್ತವೆ. ಹಪ್ಪಳದಷ್ಟು ತೆಳ್ಳಗಿನ ಆ ರೊಟ್ಟಿ ನಾಲ್ಕು ತಿಂದರೂ ಮನೆಯ ಒಂದೂವರೆಗೆ ಸಮವಾದೀತೋ ಏನೋ. ಇತ್ತ ಬಡವರ ಮನೆಯಲ್ಲಿ ಜೋಳವೇ ಅಪರೂಪವಾಗುತ್ತಿದೆ. ಹೊಲಕ್ಕೆ ಕಬ್ಬು, ತೊಗರಿ, ಸೋಯಾ ಬಂದವು. ಪಡಿತರದಲ್ಲಿ ಸಿಗುವುದು ಗೋಧಿ ಮತ್ತು ಅಕ್ಕಿ. 2023ರ ಜನವರಿಯಿಂದ ಅದು ಉಚಿತವೂ ಆಯಿತು. ಒಂದಾನೊಂದು ಕಾಲದಲ್ಲಿ ಬಡವನ ಕೂಳಾಗಿದ್ದ ಮಾಲದಂಡಿ ಜೋಳ ಕೆಲವು ವರ್ಷ ಗೋಧಿಗಿಂತ ದುಬಾರಿಯಾದದ್ದುಂಟು.

ಒಂದು ರೊಟ್ಟಿ ಹೆಚ್ಚಾದರೆ ಏನಾಯಿತು ಎಂದು ಕೇಳುವವರಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ದಿನಕ್ಕೆ ಸುಮಾರು 24 ಕ್ಯಾಲರಿ ಹೆಚ್ಚಾಗಿ ತಿನ್ನುತ್ತಲೇ ಹೋದರೆ ಕಾಲಕ್ರಮದಲ್ಲಿ ಮೈತೂಕ ಒಂದು ಕಿಲೋ ಏರಿ ಅಲ್ಲಿ ನಿಲ್ಲುತ್ತದೆ. ಅದರ ಅರ್ಧ ಮೊದಲ ವರ್ಷದಲ್ಲಿ, ಹೆಚ್ಚುಕಡಿಮೆ ಪೂರ್ತಿ ಮೂರು ವರ್ಷದಲ್ಲಿ. ಇದರಂತೆ ದಿನಕ್ಕೊಂದು ಹೆಚ್ಚುವರಿ ರೊಟ್ಟಿಯೆಂದರೆ ಮೂರು ವರ್ಷಕ್ಕೆ ಏಳೂವರೆ ಕಿಲೋ. ಯಾರಿಗೂ ಕಾಣದಂತೆ, ತಿಂಗಳಿಗೆ ಕಾಲು ಕಿಲೋದಂತೆ ಅದು ಬಂದು ಸೇರುತ್ತದೆ. ಅಂಗಿಯ ಗುಂಡಿ ಹೇಳಿದಾಗಲೇ ನಮಗೆ ಗೊತ್ತು.

ಈಗ ಒತ್ತಾಯದ ವಿಷಯ. ದುಧನಿಯಲ್ಲಿ ಅತಿಥಿಯ ತಟ್ಟೆ ಖಾಲಿಯಾಗಲು ಬಿಡುವುದಿಲ್ಲ. ‘ಸಾಕು’ ಎಂದರೆ ‘ಇನ್ನೊಂದು ಅರ್ಧಾ ತಗೋರಿ’, ಅರ್ಧ ತಿಂದರೆ ‘ಅರ್ಧಾ ಬಿಡಬಾರದ್ರಿ’ ಎಂದು ಉಳಿದರ್ಧ. ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಿಂದ ಬೀಳುತ್ತದೆ. ನಗಬೇಡಿ, ನಮ್ಮ ಕಡೆಯ ಔತಣದಲ್ಲಿ ಪಾಯಸದ ಪಾತ್ರೆ ಮೂರನೆಯ ಸಲ ಸಾಲಿಗೆ ಬರುವಾಗ ನಡೆಯುವುದೂ ಇದೇ. ಅದು ಪ್ರೀತಿ, ಸಂದೇಹವಿಲ್ಲ. ಆದರೆ ಬಡಿಸಿದಷ್ಟನ್ನು ಮನುಷ್ಯ ತಿನ್ನುತ್ತಾನೆಂಬುದು ಪ್ರಯೋಗದಿಂದ ಸಿದ್ಧವಾದ ಮಾತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಾರ್ಬರಾ ರೋಲ್ಸ್ ಎಂಬ ವಿದುಷಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಜನರಿಗೆ ಬೇರೆ ಬೇರೆ ದಿನ ಒಂದೇ ತಿನಿಸನ್ನು 500 ಗ್ರಾಮಿನಿಂದ 1000 ಗ್ರಾಮಿನವರೆಗೆ ಬಡಿಸಿದರು. ದೊಡ್ಡ ಪಾಲು ಸಿಕ್ಕ ದಿನ ಅವರು ನೂರಕ್ಕೆ 30ರಷ್ಟು ಹೆಚ್ಚು ತಿಂದರು. ಹಸಿವು ಮಾತ್ರ ಎರಡೂ ದಿನ ಒಂದೇ. 2003ರಲ್ಲಿ ಪಾಲ್ ರೋಜಿನ್ ಮತ್ತಿತರರು ಪ್ಯಾರಿಸ್ಸಿನ ಮತ್ತು ಫಿಲಡೆಲ್ಫಿಯಾದ ಹೋಟೆಲುಗಳಲ್ಲಿ ತಕ್ಕಡಿ ಹಿಡಿದು ತೂಗಿದಾಗ ಪ್ಯಾರಿಸ್ಸಿನ ಪಾಲು ಸರಾಸರಿ 277 ಗ್ರಾಂ, ಫಿಲಡೆಲ್ಫಿಯಾದ್ದು 346 ಗ್ರಾಂ. ಬೆಣ್ಣೆ ತಿನ್ನುವ ಫ್ರೆಂಚರು ಅಮೆರಿಕದವರಷ್ಟು ದಪ್ಪಗಾಗದಿರಲು ಇದೂ ಒಂದು ಕಾರಣವೆಂದು ಅವರ ಅಭಿಪ್ರಾಯ. ನಮ್ಮ ಅಷ್ಟಾಂಗಹೃದಯದಲ್ಲಿ ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಇನ್ನೊಂದನ್ನು ಗಾಳಿಗೆ ಬಿಡಬೇಕೆಂಬ ಮಾತಿದೆ. ಔತಣದ ಮನೆಯಲ್ಲಿ ಗಾಳಿಯ ಪಾಲು ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು.

ಹೆಂಗಸರ ಕತೆ ಬೇರೆಯೇ. ಎಲ್ಲರಿಗೂ ಬಿಸಿ ರೊಟ್ಟಿ ಬಡಿಸಿ, ಕೊನೆಗೆ ಒಲೆಯಾರಿದ ಮೇಲೆ ಉಣ್ಣುವವಳು ಅವಳು. ಪಲ್ಯ ಮುಗಿದಿರುತ್ತದೆ, ರೊಟ್ಟಿ ಉಳಿದಿರುತ್ತದೆ. ಮೊಸರು ಮಕ್ಕಳಿಗೆ, ಬೇಳೆಯ ಗಟ್ಟಿ ಗಂಡಸರಿಗೆ, ಉಳಿದದ್ದು ಇವಳಿಗೆ. ‘ಅನ್ನ ಚೆಲ್ಲಬಾರದು’ ಎಂಬ ಸಂಸ್ಕಾರದಿಂದ ಮಕ್ಕಳು ಬಿಟ್ಟದ್ದನ್ನೂ ಸೇರಿಸಿ ಉಂಡುಬಿಡುತ್ತಾಳೆ. ಹೀಗೆ ಹಿಟ್ಟು ಹೆಚ್ಚಾಗಿ, ಕಾಳು ಸೊಪ್ಪು ಕಡಿಮೆಯಾಗಿ, ಮೈ ದಪ್ಪವಾಗುತ್ತ ರಕ್ತ ತೆಳುವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ; ಅದೇ ಸಮೀಕ್ಷೆಯಲ್ಲಿ ನೂರಕ್ಕೆ 24 ಮಂದಿಗೆ ಅತಿತೂಕ. ಎರಡೂ ಒಬ್ಬಳಲ್ಲೇ ಇರುವುದು ಅಪರೂಪವಲ್ಲ. ತೂಕದ ಮಾತು ಬಂದಾಗ ಗಂಡಸರು ಹೆಂಗಸರನ್ನು ಹಾಸ್ಯ ಮಾಡುವುದನ್ನು ಎಲ್ಲ ಊರುಗಳಲ್ಲೂ ಕಂಡಿದ್ದೇನೆ. ಅವಳ ಪಾಲಿಗೆ ಏನು ಉಳಿಯಿತೆಂದು ಪಾತ್ರೆಯ ತಳ ನೋಡಿದವರನ್ನು ಕಂಡದ್ದು ಕಡಿಮೆ.

ತೆಳ್ಳಗಿದ್ದವರೂ ನಿಶ್ಚಿಂತೆಯಿಂದಿರುವಂತಿಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೂ ಲಂಡನ್ನಿನ ಜಾನ್ ಯುಡ್ಕಿನ್ ಅವರದೂ ಚಿತ್ರವನ್ನು ಅಕ್ಕಪಕ್ಕದಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಮೈಯಲ್ಲಿದ್ದ ಕೊಬ್ಬು ಇಂಗ್ಲಿಷರಲ್ಲಿ ನೂರಕ್ಕೆ 9.1, ನಮ್ಮವರಲ್ಲಿ 21.2! ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟುವ ಶಿಶುಗಳನ್ನು ಅಳೆದು, ತೂಕದಲ್ಲಿ ಚಿಕ್ಕದಾದರೂ ಕೊಬ್ಬನ್ನು ಉಳಿಸಿಕೊಂಡೇ ಅವು ಹುಟ್ಟುತ್ತವೆಂದು ಅವರ ತಂಡ ತೋರಿಸಿತು. ತಾಯಿ ಅರೆಹೊಟ್ಟೆಯಲ್ಲಿದ್ದುದರ ಗುರುತು ಮಗುವಿನ ಮೈಯಲ್ಲಿ ಹೀಗೆ ಉಳಿಯುತ್ತದೆ. ಆದುದರಿಂದಲೇ ಬೇರೆಡೆ 25 ದಾಟಿದರೆ ಅತಿತೂಕವೆನ್ನುವ ಸೂಚ್ಯಂಕವನ್ನು ಭಾರತೀಯರಿಗೆ 23ಕ್ಕೇ ಇಳಿಸಬೇಕೆಂದು ನಮ್ಮ ವೈದ್ಯರು 2009ರಲ್ಲಿ ಒಮ್ಮತಕ್ಕೆ ಬಂದರು. ಬರಗಾಲದ ನಾಡಿನಲ್ಲಿ ತಲೆಮಾರುಗಳಿಂದ ಅರೆಹೊಟ್ಟೆ ಉಂಡವರ ಮಕ್ಕಳಿಗೆ ಇದ್ದಕ್ಕಿದ್ದಂತೆ ತುಂಬಿದ ತಟ್ಟೆ ಸಿಕ್ಕಾಗ ಸಕ್ಕರೆ ಕಾಯಿಲೆ ಬಾಗಿಲು ತಟ್ಟುವುದು ಇದರಿಂದಲೇ.

ದುಧನಿಯ ಒಂದು ಮನೆಯಲ್ಲಿ ನಾನು ಕಂಡ ಉಪಾಯವನ್ನು ಇಲ್ಲಿ ಹೇಳಬೇಕು. ಎಪ್ಪತ್ತು ದಾಟಿದ ಹಿರಿಯರಿಗೆ ಸಕ್ಕರೆ ಕಾಯಿಲೆ. ರೊಟ್ಟಿ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಜೀವಮಾನವಿಡೀ ನಾಲ್ಕು ರೊಟ್ಟಿ ಉಂಡವರು ಎರಡಕ್ಕೆ ಇಳಿಯಲು ಸುತರಾಂ ಒಪ್ಪರು. ಎರಡೆಂದರೆ ಮುದುಕನಾದೆನೆಂದು ಅರ್ಥ. ಸೊಸೆ ಒಂದು ಮಾತೂ ಆಡದೆ ಅವರ ಪಾಲಿನ ಉಂಡೆಯನ್ನು ದಿನೇದಿನೇ ಚಿಕ್ಕದು ಮಾಡುತ್ತ ಬಂದಳು, ತೆಳ್ಳಗೆ ತಟ್ಟಿದಳು, ಪುಂಡಿಪಲ್ಯ ಹೆಚ್ಚಿಸಿದಳು. ತಟ್ಟೆಯಲ್ಲಿ ನಾಲ್ಕು ರೊಟ್ಟಿ ಹಾಗೆಯೇ ಇವೆ, ಹಿಟ್ಟು ಮಾತ್ರ ಮೊದಲಿನ ಎರಡೂವರೆ ರೊಟ್ಟಿಯದು. ಹಿರಿಯರು ತೃಪ್ತರು. ದೊಡ್ಡ ಪ್ರಯೋಗಾಲಯಗಳು ಹಣ ಸುರಿದು ಕಂಡುಕೊಂಡದ್ದನ್ನು ಆ ಹೆಣ್ಣುಮಗಳು ಹಂಚಿನ ಮುಂದೆ ಕುಳಿತು ಕಂಡುಕೊಂಡಿದ್ದಾಳೆ.

ಇನ್ನು ನಮ್ಮ ಜಿಲ್ಲೆಯ ಕಡೆ ಬರೋಣ. ನಮ್ಮದು ಅನ್ನದ ಊಟ, ಅದರಲ್ಲೂ ಕುಚ್ಚಿಲಕ್ಕಿ. ಅನ್ನಕ್ಕೆ ರೊಟ್ಟಿಯ ಹಾಗೆ ಎಣಿಕೆಯಿಲ್ಲ, ರಾಶಿಯಷ್ಟೆ. ಗಂಜಿಯಾಗಿ ಉಣ್ಣುವಾಗ ನೀರೇ ಅರ್ಧ ಹೊಟ್ಟೆ ತುಂಬುತ್ತಿತ್ತು. ಈಗ ಗಂಜಿ ಹೋಗಿ ಗಟ್ಟಿ ಅನ್ನ ಮೂರು ಹೊತ್ತು ಬಂದಿದೆ. ಅಡಿಕೆ ತೋಟದಲ್ಲಿ ಕೊಡಪಾನ ಹೊತ್ತು ನೀರು ಹಾಯಿಸುತ್ತಿದ್ದ ಕೈಗಳು ಈಗ ಪಂಪಿನ ಗುಂಡಿ ಒತ್ತುತ್ತವೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಕೇರಳದ ಹೆಂಗಸರಲ್ಲಿ ನೂರಕ್ಕೆ 38.1, ಗಂಡಸರಲ್ಲಿ 36.4 ಮಂದಿ ಅತಿತೂಕದವರು. ದೇಶದ ಸರಾಸರಿ 24 ಮತ್ತು 22.9. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಕೇರಳದ ಪ್ರಾಯಸ್ಥರಲ್ಲಿ ಮಧುಮೇಹ ನೂರಕ್ಕೆ 25.5 ಎಂದಿತು. ನಾಲ್ವರಲ್ಲಿ ಒಬ್ಬರು! ದೇಶದ ಸರಾಸರಿ 11.4. ಬರಗಾಲದ ದುಧನಿಯವರಿಗಿಂತ ಮಳೆಯ ನಾಡಿನ ನಾವೇ ಹೆಚ್ಚು ಚಿಂತಿಸಬೇಕಾದವರು.

ಶಾಲೆಯ ಮಧ್ಯಾಹ್ನದ ಊಟದಲ್ಲಿ ಸರಕಾರ ಮಗುವಿನ ಪಾಲನ್ನು ಅಳೆದೇ ಕೊಡುತ್ತದೆ. ಐದನೆಯ ತರಗತಿಯವರೆಗೆ 100 ಗ್ರಾಂ ಧಾನ್ಯ, ಒಟ್ಟು 450 ಕ್ಯಾಲರಿ. ಎಂಟನೆಯವರೆಗೆ 150 ಗ್ರಾಂ, 700 ಕ್ಯಾಲರಿ. ಜತೆಗೆ ಬೇಳೆಗೂ ತರಕಾರಿಗೂ ಲೆಕ್ಕವಿದೆ. ಮಗು ಮನೆಗೆ ಹೋದ ಮೇಲೆ ಅಂಥ ಅಳತೆ ಯಾವುದೂ ಇಲ್ಲ. ಮನೆಯಲ್ಲಿ ತಕ್ಕಡಿ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದು ಆಗುಹೋಗದ ಮಾತು. ಅನ್ನಕ್ಕೆಂದು ಒಂದೇ ಸೌಟನ್ನು ಗೊತ್ತುಮಾಡಿಕೊಂಡರೆ ಎಣಿಕೆ ತಾನಾಗಿ ಬರುತ್ತದೆ. ನೂರು ಗ್ರಾಂ ಅನ್ನ ಹಿಡಿಯುವ ಸೌಟಾದರೆ ಅದಕ್ಕೆ 120ರಿಂದ 130 ಕ್ಯಾಲರಿ, ದುಧನಿಯ ಮುಕ್ಕಾಲು ರೊಟ್ಟಿಗಿಂತ ತುಸು ಕಡಿಮೆ. ಪಲ್ಯವನ್ನು ಮೊದಲು ಬಡಿಸಿ ಅನ್ನವನ್ನು ಆಮೇಲೆ ತರುವುದು, ಮನೆಯವರೆಲ್ಲ ಒಟ್ಟಿಗೆ ಕುಳಿತು ಹೆಂಗಸರ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡುವುದು, ಇವಕ್ಕೂ ಖರ್ಚಿಲ್ಲ. ಕಷ್ಟಪಟ್ಟು ದುಡಿಯುವವರು, ಬೆಳೆಯುವ ಮಕ್ಕಳು, ಬಸುರಿಯರು ಸೌಟು ಕಡಿಮೆ ಮಾಡಬೇಕಾದ್ದಿಲ್ಲ. ಔಷಧಿ ತೆಗೆದುಕೊಳ್ಳುವ ಮಧುಮೇಹಿಗಳು ವೈದ್ಯರನ್ನು ಕೇಳದೆ ಊಟ ಇಳಿಸಕೂಡದು.

ತೂಕದ ಯಂತ್ರವಿಲ್ಲದವರು ದರ್ಜಿಯ ಟೇಪಿನಿಂದ ಹೊಟ್ಟೆಯ ಸುತ್ತಳತೆ ನೋಡಬಹುದು. ನೇರ ನಿಂತು, ಉಸಿರು ಹೊರಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪನ್ನು ಬಿಗಿಯದೆ ಸುತ್ತಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಿದರೆ ಒಮ್ಮೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಅನುಕೂಲವಿದೆ.